ಮಿಂಚಿನ ವೇಗದ ಟ್ರೇಡಿಂಗ್ ಮತ್ತು ನಮ್ಮ ದುಡ್ಡು: ಕಲಬುರಗಿ, ಬೀದರ್, ಯಾದಗಿರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಮೊಬೈಲಿನಲ್ಲೇ ಷೇರು ಕೊಳ್ಳುವವರು ಈಗ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಹಲವರಿಗೆ ಒಂದೇ ಅನುಮಾನ: ಮುಂಬೈಯ ಕಂಪ್ಯೂಟರುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ನಮ್ಮ ದುಡ್ಡು ಹೊಡೆಯುತ್ತಿವೆಯಾ? ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಷೇರು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವವರ ಲೆಕ್ಕ ಬೇರೆ, ದಿನಾ ಆಪ್ಷನ್ (ಗೊತ್ತಾದ ಬೆಲೆಗೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕಿನ ವ್ಯಾಪಾರ) ಮಾಡುವವರ ಲೆಕ್ಕ ಬೇರೆ. ಎರಡನೆಯವರು ದಯವಿಟ್ಟು ಪೂರ್ತಿ ಓದಿ.

ಹೈ-ಫ್ರೀಕ್ವೆನ್ಸಿ ಟ್ರೇಡಿಂಗ್ ಅಂದರೆ ಏನು? ಆಲ್ಗೊ ಅಂದರೂ ಇದೇನಾ?

ಆಲ್ಗೊ ಅಂದರೆ ಮೊದಲೇ ಬರೆದಿಟ್ಟ ನಿಯಮದ ಪ್ರಕಾರ ಕಂಪ್ಯೂಟರ್ ತಾನೇ ಆರ್ಡರ್ ಹಾಕುವುದು. ದೊಡ್ಡ ಮ್ಯೂಚುವಲ್ ಫಂಡ್ ಒಂದು ಲಕ್ಷ ಷೇರನ್ನು ದಿನವಿಡೀ ಚೂರು ಚೂರಾಗಿ ಕೊಳ್ಳಲು ಬಳಸುವುದೂ ಆಲ್ಗೊನೇ. ಹೈ-ಫ್ರೀಕ್ವೆನ್ಸಿ ಟ್ರೇಡಿಂಗ್, ಅಂದರೆ ಎಚ್‌ಎಫ್‌ಟಿ, ಅದರಲ್ಲಿ ಒಂದು ಬಗೆ ಅಷ್ಟೇ. ಇಲ್ಲಿ ವೇಗವೇ ಬಂಡವಾಳ. ಯಂತ್ರ ಸಾವಿರಾರು ಆರ್ಡರ್ ಹಾಕುತ್ತದೆ, ಹೆಚ್ಚಿನವನ್ನು ತಕ್ಷಣ ರದ್ದು ಮಾಡುತ್ತದೆ. ಒಂದೊಂದು ವ್ಯವಹಾರದಲ್ಲಿ ಕೆಲವೇ ಪೈಸೆ ಗಳಿಸಿ, ಸಂಜೆ ಹೊತ್ತಿಗೆ ಕೈಯಲ್ಲಿ ಷೇರು ಉಳಿಸಿಕೊಳ್ಳದೆ ಹೊರಬರುತ್ತದೆ.

ಭಾರತದಲ್ಲಿ ಇದಕ್ಕೆ ದಾರಿ ತೆರೆದದ್ದು 2008ರಲ್ಲಿ. ಆಗ ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ, ದೊಡ್ಡ ಸಂಸ್ಥೆಗಳು ಬ್ರೋಕರ್ ವ್ಯವಸ್ಥೆಯ ಮೂಲಕ ಎಕ್ಸ್‌ಚೇಂಜಿಗೆ ತಾವೇ ನೇರವಾಗಿ ಆರ್ಡರ್ ಕಳಿಸಲು ಒಪ್ಪಿಗೆ ಕೊಟ್ಟಿತು. 2010ರಲ್ಲಿ ಮುಂಬೈಯ ಷೇರು ಎಕ್ಸ್‌ಚೇಂಜ್ ಎನ್‌ಎಸ್‌ಇ ತನ್ನ ಆವರಣದಲ್ಲೇ ಬ್ರೋಕರ್‌ಗಳ ಸರ್ವರ್ ಇಡಲು ಜಾಗ ಬಾಡಿಗೆಗೆ ಕೊಡಲು ಶುರು ಮಾಡಿತು. ಇದನ್ನೇ ಕೊ-ಲೊಕೇಶನ್ ಅನ್ನುತ್ತಾರೆ.

ಕಲಬುರಗಿಯಿಂದ ನಾನು ಹಾಕುವ ಆರ್ಡರ್ ಅವರಿಗಿಂತ ಎಷ್ಟು ಹಿಂದೆ ಇರುತ್ತದೆ?

ಲೆಕ್ಕ ಹಾಕಿ ನೋಡೋಣ. ಕಲಬುರಗಿಯಿಂದ ಮುಂಬೈಗೆ ಹೆಚ್ಚುಕಡಿಮೆ 550 ಕಿಲೋಮೀಟರ್. ಫೈಬರ್ ಕೇಬಲ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ನೇರ ಕೇಬಲ್ ಇದ್ದರೂ ನಿಮ್ಮ ಆರ್ಡರ್ ಅಲ್ಲಿಗೆ ಮುಟ್ಟಲು ಮೂರು ಮಿಲಿಸೆಕೆಂಡ್ ಹತ್ತಿರ ಬೇಕು. ನಿಜದಲ್ಲಿ ಅದು ಮೊಬೈಲ್ ಟವರ್, ಬ್ರೋಕರ್ ಸರ್ವರ್, ಮಾರ್ಜಿನ್ ತಪಾಸಣೆ ಎಲ್ಲ ದಾಟಿ ಹೋಗುವುದರಿಂದ ಇದರ ಎಷ್ಟೋ ಪಟ್ಟು ಹಿಡಿಯುತ್ತದೆ. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಎಕ್ಸ್‌ಚೇಂಜಿನ ಪಕ್ಕದಲ್ಲೇ ಇರುವ ಯಂತ್ರದ ಲೆಕ್ಕ ಮೈಕ್ರೋಸೆಕೆಂಡಿನಲ್ಲಿ. ಒಂದು ಮಿಲಿಸೆಕೆಂಡಿಗೆ ಸಾವಿರ ಮೈಕ್ರೋಸೆಕೆಂಡ್.

ಹಾಗಾಗಿ ವೇಗದಲ್ಲಿ ಅವರನ್ನು ಮೀರಿಸುವ ಯೋಚನೆಯನ್ನೇ ಬಿಟ್ಟುಬಿಡಿ. ಹೊಸ ಫೋನ್ ಕೊಂಡರೂ ಆಗದು, ಜಾಸ್ತಿ ಎಂಬಿಪಿಎಸ್ ನೆಟ್ ಹಾಕಿಸಿದರೂ ಆಗದು.

ಎಕ್ಸ್‌ಚೇಂಜ್ ಒಳಗೇ ಕಂಪ್ಯೂಟರ್ ಇಡುವುದು ಮೋಸ ಅಲ್ವಾ?

ಕಾನೂನಿನ ಪ್ರಕಾರ ಮೋಸ ಅಲ್ಲ. ಬಾಡಿಗೆ ಕಟ್ಟುವ ಎಲ್ಲ ಸದಸ್ಯರಿಗೂ ಆ ಜಾಗ ಸಿಗಬೇಕು, ಒಳಗಿರುವವರ ನಡುವೆ ತಾರತಮ್ಯ ಇರಬಾರದು, ಇದು ನಿಯಮ. ಮೋಸ ಆಗುವುದು ಈ ಸಮಾನತೆ ಮುರಿದಾಗ.

ಅಂಥ ದೊಡ್ಡ ಪ್ರಕರಣ ನಮ್ಮ ದೇಶದಲ್ಲೇ ನಡೆಯಿತು. 2010ರಿಂದ 2014ರವರೆಗೆ ಎನ್‌ಎಸ್‌ಇ ತನ್ನ ಪ್ರತಿ ಕ್ಷಣದ ಬೆಲೆ ಮಾಹಿತಿಯನ್ನು ಕೊ-ಲೊಕೇಶನ್‌ನಲ್ಲಿರುವವರಿಗೆ ಸರದಿಯಲ್ಲಿ, ಒಬ್ಬರಾದ ಮೇಲೆ ಒಬ್ಬರಿಗೆ ಕಳಿಸುತ್ತಿತ್ತು. ಬೆಳಗ್ಗೆ ಸರ್ವರಿಗೆ ಮೊದಲು ಲಾಗಿನ್ ಆದವರಿಗೆ ಮಾಹಿತಿಯೂ ಮೊದಲು. 2015ರ ಜನವರಿಯಲ್ಲಿ ಅನಾಮಿಕ ಪತ್ರವೊಂದರಿಂದ ವಿಷಯ ಹೊರಬಂತು. 2019ರ ಏಪ್ರಿಲ್ 30ರಂದು ಸೆಬಿ, 624.89 ಕೋಟಿ ರೂಪಾಯಿಯನ್ನು ಬಡ್ಡಿ ಸಮೇತ ಕಟ್ಟುವಂತೆ ಎನ್‌ಎಸ್‌ಇಗೆ ಆದೇಶ ಮಾಡಿತು. ಸೆಬಿ ಆದೇಶಗಳ ಮೇಲ್ಮನವಿ ಕೇಳುವ ನ್ಯಾಯಮಂಡಳಿ ಎಸ್‌ಎಟಿ 2023ರ ಜನವರಿಯಲ್ಲಿ ಆ ಭಾಗವನ್ನು ರದ್ದು ಮಾಡಿ, ಸಾಕಷ್ಟು ಎಚ್ಚರ ವಹಿಸದ್ದಕ್ಕೆ 100 ಕೋಟಿ ಕಟ್ಟಲು ಹೇಳಿತು. ಮಾಹಿತಿ ಕಳಿಸುವ ವಿಧಾನವನ್ನು 2014ರಲ್ಲೇ ಬದಲಾಯಿಸಿ, ಎಲ್ಲರಿಗೂ ಒಟ್ಟಿಗೆ ಹೋಗುವ ಹಾಗೆ ಮಾಡಲಾಗಿತ್ತು. 2018ರಲ್ಲಿ ಸೆಬಿ ಚಿಕ್ಕ ಬ್ರೋಕರ್‌ಗಳೂ ಸೇರಿಕೊಂಡು ಜಾಗ ಹಂಚಿಕೊಳ್ಳಬಹುದು ಅಂದಿತು.

ಇಷ್ಟಾದರೂ ನನ್ನ ಮನಸ್ಸಿಗೆ ಒಂದು ಮಾತು ಒಪ್ಪುವುದಿಲ್ಲ. ದುಡ್ಡು ಕೊಟ್ಟವರಿಗೆ ವೇಗ ಮಾರುವ ಸಂಸ್ಥೆಯೇ ಎಲ್ಲರಿಗೂ ಸಮಾನ ಕಣ ಒದಗಿಸುವ ಹೊಣೆಯನ್ನೂ ಹೊತ್ತಿದೆ. ಇಂಥ ಕಡೆ ಹೊರಗಿನ ಕಾವಲು ಯಾವತ್ತೂ ಸಡಿಲ ಆಗಬಾರದು.

ನಾನು ಬೈ ಒತ್ತಿದ ಕೂಡಲೇ ಬೆಲೆ ಮೇಲೆ ಹೋಗುತ್ತದೆ. ನನ್ನ ಆರ್ಡರ್ ಯಂತ್ರಕ್ಕೆ ಮೊದಲೇ ಕಾಣುತ್ತದಾ?

ಕಾಣುವುದಿಲ್ಲ. ಆರ್ಡರ್ ಎಕ್ಸ್‌ಚೇಂಜಿನ ಪಟ್ಟಿಗೆ ಸೇರಿದ ಮೇಲಷ್ಟೇ ಬೇರೆಯವರಿಗೆ ಕಾಣುವುದು, ಅದೂ ಯಾರ ಹೆಸರೂ ಇಲ್ಲದೆ. ಪಟ್ಟಿಯಲ್ಲಿ ಒಳ್ಳೆಯ ಬೆಲೆಗೆ ಮೊದಲ ಆದ್ಯತೆ. ಬೆಲೆ ಒಂದೇ ಇದ್ದರೆ ಮೊದಲು ಬಂದವರಿಗೆ ಮೊದಲು. ಯಂತ್ರ ಗೆಲ್ಲುವುದು ಈ ಎರಡನೇ ನಿಯಮದಲ್ಲಿ. ಸುದ್ದಿ ಬಂದು ಎಲ್ಲರೂ ಒಟ್ಟಿಗೆ ಕೊಳ್ಳಲು ಹೊರಟಾಗ ಹಳೇ ಬೆಲೆಯ ಷೇರುಗಳನ್ನು ಅದು ಮೊದಲೇ ಎತ್ತಿಕೊಂಡಿರುತ್ತದೆ. ನಿಮ್ಮ ಪರದೆ ಮೇಲಿನ ಬೆಲೆ ಆಗಲೇ ಹಳೆಯದಾಗಿರುತ್ತದೆ.

ಇನ್ನೊಂದು ಬಗೆ ಇದೆ, ಸ್ಪೂಫಿಂಗ್. ಕೊಳ್ಳುವ ಮನಸ್ಸಿಲ್ಲದೆ ದೊಡ್ಡ ಆರ್ಡರ್ ತೋರಿಸಿ, ಬೇರೆಯವರು ಆ ಕಡೆ ವಾಲಿದ ಮೇಲೆ ಅದನ್ನು ಎಳೆದುಕೊಳ್ಳುವುದು. ಇದು ಅಪರಾಧ. ನಮ್ಮಲ್ಲೂ ಇದಕ್ಕೆ ಸೆಬಿ ಕ್ರಮ ತೆಗೆದುಕೊಂಡಿದೆ.

ಸ್ಟಾಪ್ ಲಾಸ್ ಹಾಕಿದರೆ ಬೆಲೆ ಸರಿಯಾಗಿ ಅಲ್ಲಿಗೇ ಬಂದು ಹೊಡೆದು ವಾಪಸ್ ಹೋಗುತ್ತದೆ. ಇದು ಹೇಗೆ?

ಬೆಲೆ ಇಷ್ಟಕ್ಕೆ ಬಿದ್ದರೆ ತಾನೇ ಮಾರಿಬಿಡು ಅನ್ನುವ ಆರ್ಡರೇ ಸ್ಟಾಪ್ ಲಾಸ್. ಟ್ರಿಗರ್ ಆಗುವವರೆಗೂ, ಅಂದರೆ ಬೆಲೆ ಅಲ್ಲಿಗೆ ಮುಟ್ಟುವವರೆಗೂ, ಅದು ಬೇರೆ ಪಟ್ಟಿಯಲ್ಲಿರುತ್ತದೆ, ಮಾರುಕಟ್ಟೆಗೆ ಕಾಣುವುದಿಲ್ಲ. ಆದರೆ ಅದನ್ನು ಊಹಿಸುವುದು ಕಷ್ಟ ಅಲ್ಲ. 500, 1,000 ಇಂಥ ದುಂಡು ಅಂಕಿಯ ಕೆಳಗೆ, ಇಲ್ಲವೇ ನಿನ್ನೆಯ ಕನಿಷ್ಠ ಬೆಲೆಯ ಸ್ವಲ್ಪ ಕೆಳಗೆ ಎಲ್ಲರೂ ಹಾಕುತ್ತಾರೆ. ಯೂಟ್ಯೂಬಿನಲ್ಲಿ ಎಲ್ಲರಿಗೂ ಒಂದೇ ಪಾಠ, ಹಾಗಾಗಿ ಎಲ್ಲರ ಸ್ಟಾಪ್ ಲಾಸ್ ಒಂದೇ ಜಾಗದಲ್ಲಿ. ಬೆಲೆ ಅಲ್ಲಿಗೆ ತಾಕಿದಾಗ ಮಾರುವ ಆರ್ಡರುಗಳು ಒಟ್ಟಿಗೆ ಬಿದ್ದು ಬೆಲೆ ಇನ್ನೂ ಕುಸಿಯುತ್ತದೆ, ಅಗ್ಗಕ್ಕೆ ಎತ್ತಿಕೊಳ್ಳಲು ಕಾದಿದ್ದವರು ಎತ್ತಿಕೊಳ್ಳುತ್ತಾರೆ.

ನಾನು ತಿಂಗಳಿಗೆ ಮೂರು ಸಾವಿರ ಎಸ್‌ಐಪಿ ಹಾಕುತ್ತೇನೆ, ವರ್ಷಕ್ಕೆ ಎರಡು ಮೂರು ಸಲ ಷೇರು ಕೊಳ್ಳುತ್ತೇನೆ. ನನಗೆಷ್ಟು ನಷ್ಟ?

ಬಹಳ ಕಡಿಮೆ. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಎಫ್‌ಸಿಎ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಲಂಡನ್ ಎಕ್ಸ್‌ಚೇಂಜಿನ 2015ರ ಆರ್ಡರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ, ಐದರಲ್ಲಿ ಒಂದು ಭಾಗದಷ್ಟು ವಹಿವಾಟು ಇಂಥ ವೇಗದ ಓಟದಲ್ಲೇ ನಡೆದಿತ್ತು. ಆ ಓಟದಿಂದ ಉಳಿದವರಿಗೆ ಬೀಳುವ ಖರ್ಚು ವಹಿವಾಟಿನ ಮೊತ್ತದ 0.0042% ಅಂತ ಅಂದಾಜು ಮಾಡಿದರು. ಲಕ್ಷ ರೂಪಾಯಿಗೆ ನಾಲ್ಕು ರೂಪಾಯಿ ಚಿಲ್ಲರೆ ಅಷ್ಟೇ.

ಅದು ಲಂಡನ್ನಿನ ಲೆಕ್ಕ, ನಮ್ಮದಲ್ಲ. ಆದರೂ ಅಂದಾಜಿಗೆ ಸಾಕು. ಇಲ್ಲಿ ಲಕ್ಷ ರೂಪಾಯಿ ಷೇರನ್ನು ಡೆಲಿವರಿಗೆ, ಅಂದರೆ ಖಾತೆಯಲ್ಲಿ ಇಟ್ಟುಕೊಳ್ಳಲು, ಕೊಂಡರೆ ಷೇರು ವ್ಯವಹಾರದ ಮೇಲಿನ ಎಸ್‌ಟಿಟಿ ತೆರಿಗೆಯೇ ನೂರು ರೂಪಾಯಿ, ಮಾರುವಾಗಲೂ ಅಷ್ಟೇ ದರ. ಅದರ ಮುಂದೆ ನಾಲ್ಕು ರೂಪಾಯಿ ಯಾವ ಲೆಕ್ಕ? ಹತ್ತು ವರ್ಷ ಇಟ್ಟುಕೊಳ್ಳುವವರು ಎಚ್‌ಎಫ್‌ಟಿ ಬಗ್ಗೆ ನಿದ್ದೆಗೆಡಬೇಕಾಗಿಲ್ಲ. ಕಂಪನಿ ಹೇಗಿದೆ, ಫಂಡಿನ ಖರ್ಚಿನ ದರ ಎಷ್ಟು, ಅದನ್ನು ನೋಡಿ.

ಹಾಗಾದರೆ ಇವರಿಂದ ಉಪಯೋಗವೂ ಇದೆಯಾ?

ಇದೆ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ ದೊಡ್ಡ ಷೇರುಗಳಲ್ಲಿ ಈಗ ಪೈಸೆಗಳಿಗೆ ಇಳಿದಿದೆ. ಎನ್‌ಎಸ್‌ಇ, ಬಿಎಸ್‌ಇ ಎರಡರಲ್ಲೂ ಬೆಲೆ ಹೆಚ್ಚುಕಡಿಮೆ ಒಂದೇ ಇರುತ್ತದೆ, ಏಕೆಂದರೆ ವ್ಯತ್ಯಾಸ ಕಂಡ ಕೂಡಲೇ ಯಂತ್ರಗಳು ಅದನ್ನು ಸರಿಮಾಡುತ್ತವೆ. ಕೊರತೆ ಎಲ್ಲಿ ಅಂದರೆ, ಗಾಳಿ ಎದ್ದ ದಿನ ಇವರೇ ಮೊದಲು ಜಾಗ ಖಾಲಿ ಮಾಡುತ್ತಾರೆ. ಮಾರುಕಟ್ಟೆಯಲ್ಲಿ ಉಳಿಯಲೇಬೇಕು ಅನ್ನುವ ಕಟ್ಟುಪಾಡು ಇವರಿಗೆ ಇಲ್ಲ.

ದಿನಾ ನಿಫ್ಟಿ ಆಪ್ಷನ್ ಮಾಡುತ್ತೇನೆ. ಯಂತ್ರದ ಎದುರು ನಾನು ಗೆಲ್ಲಬಹುದಾ?

ಇಲ್ಲಿ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಏಕೆಂದರೆ ನಮ್ಮ ಹುಡುಗರು ಕೈ ಸುಟ್ಟುಕೊಳ್ಳುತ್ತಿರುವುದು ಇಲ್ಲೇ.

2024ರ ಸೆಪ್ಟೆಂಬರಿನಲ್ಲಿ ಸೆಬಿ ಒಂದು ವರದಿ ಕೊಟ್ಟಿತು. 2021-22ರಿಂದ 2023-24ರವರೆಗೆ ಫ್ಯೂಚರ್ಸ್ (ಮುಂದಿನ ದಿನದ ವ್ಯವಹಾರಕ್ಕೆ ಇವತ್ತೇ ಬೆಲೆ ಕಟ್ಟುವ ಒಪ್ಪಂದ) ಮತ್ತು ಆಪ್ಷನ್ಸ್ ಮಾಡಿದ ಸಾಮಾನ್ಯ ಜನರಲ್ಲಿ 93% ಮಂದಿ ನಷ್ಟದಲ್ಲಿದ್ದರು. ಮೂರು ವರ್ಷದಲ್ಲಿ ಒಟ್ಟು 1.8 ಲಕ್ಷ ಕೋಟಿ ರೂಪಾಯಿ ಹೋಯಿತು. ಸೋತವರಲ್ಲಿ ಒಬ್ಬೊಬ್ಬರಿಗೆ ಸರಾಸರಿ 2 ಲಕ್ಷ. ಈ ದುಡ್ಡು ಎಲ್ಲಿಗೆ ಹೋಯಿತು? 2023-24 ಒಂದೇ ವರ್ಷದಲ್ಲಿ ಸ್ವಂತ ಖಾತೆಯಲ್ಲಿ ವ್ಯವಹಾರ ಮಾಡುವ ದೊಡ್ಡ ಸಂಸ್ಥೆಗಳು ಖರ್ಚು ಕಳೆಯುವ ಮೊದಲು 33,000 ಕೋಟಿ, ವಿದೇಶಿ ಹೂಡಿಕೆದಾರರು 28,000 ಕೋಟಿ ಲಾಭ ಮಾಡಿದರು. ಆ ಲಾಭದಲ್ಲಿ 96-97% ಆಲ್ಗೊ ಬಳಸಿದವರದ್ದು. 2025ರ ಜುಲೈಯ ಮುಂದಿನ ವರದಿಯಲ್ಲೂ ಕಥೆ ಬದಲಾಗಲಿಲ್ಲ: 2024-25ರಲ್ಲಿ 91% ಜನಕ್ಕೆ ನಷ್ಟ, ಮೊತ್ತ 1.05 ಲಕ್ಷ ಕೋಟಿ.

ಅದೇ 2024ರ ವರದಿಯ ಇನ್ನೂ ಮೂರು ಅಂಕಿ ನಮ್ಮ ಊರುಗಳ ಬಗ್ಗೆಯೇ ಬರೆದ ಹಾಗಿವೆ. ಈ ವ್ಯವಹಾರ ಮಾಡುವವರಲ್ಲಿ 72%ಕ್ಕಿಂತ ಜಾಸ್ತಿ ಜನ ದೇಶದ ದೊಡ್ಡ 30 ನಗರಗಳ ಹೊರಗಿನವರು. 43% ಜನ ಮೂವತ್ತು ವರ್ಷದೊಳಗಿನವರು. ಮುಕ್ಕಾಲು ಪಾಲಿಗಿಂತ ಹೆಚ್ಚು ಜನರ ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ. ಸೇಡಂ, ಭಾಲ್ಕಿ, ಶಹಾಪುರದ ಹುಡುಗರು ಈ ಲೆಕ್ಕದ ಒಳಗೇ ಬರುತ್ತಾರೆ. ಹೊಲದ ದುಡ್ಡು, ಅಕ್ಕನ ಮದುವೆಗೆ ಇಟ್ಟ ದುಡ್ಡು ಇಲ್ಲಿಗೆ ಬರುತ್ತಿರುವುದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ.

ಸೋಲಿಗೆ ವೇಗ ಒಂದೇ ಕಾರಣ ಅಲ್ಲ. ಎಕ್ಸ್‌ಪೈರಿ ದಿನ, ಅಂದರೆ ಆಪ್ಷನ್ನಿನ ಅವಧಿ ಮುಗಿಯುವ ದಿನ, ಮಧ್ಯಾಹ್ನದ ಪರದೆ ತೆಗೆದು ನೋಡಿ. ಎರಡು ರೂಪಾಯಿ ಆಸುಪಾಸಿನ ಒಂದು ಕಾಲ್ ಆಪ್ಷನ್ (ಬೆಲೆ ಏರಿದರೆ ಲಾಭ ಕೊಡುವುದು) ಇದೆ ಅಂತ ಇಟ್ಟುಕೊಳ್ಳಿ. ಮಾರಿದರೆ 2.00, ಕೊಂಡರೆ 2.05. ಐದು ಪೈಸೆ ತಾನೇ ಅನಿಸುತ್ತದೆ. ಆದರೆ ಕೊಂಡು ಅದೇ ಕ್ಷಣ ಮಾರಿದರೂ ನೂರಕ್ಕೆ ಎರಡೂವರೆ ರೂಪಾಯಿಯ ಹತ್ತಿರ ಹೋಯಿತು. ದಿನಕ್ಕೆ ಹತ್ತು ಸಲ ಹೀಗೆ ಒಳಗೆ ಹೊರಗೆ ಮಾಡಿದರೆ, ನಿಮ್ಮ ಊಹೆ ಸರಿಯೋ ತಪ್ಪೋ, ಹಾಕಿದ ದುಡ್ಡಿನ ಐದರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಆ ಅಂತರಕ್ಕೇ ಹೋಗುತ್ತದೆ. ಆ ಐದು ಪೈಸೆಯ ಎರಡೂ ಬದಿಗೆ ನಿಂತಿರುವುದು ಹೆಚ್ಚಾಗಿ ಯಂತ್ರವೇ.

ಮೇಲೆ ಬ್ರೋಕರೇಜ್. ಆರ್ಡರಿಗೆ 20 ರೂಪಾಯಿ ಅಂದರೆ 20 ಆರ್ಡರಿಗೆ 400, ಜಿಎಸ್‌ಟಿ ಸೇರಿ 472. ಆಮೇಲೆ ಎಸ್‌ಟಿಟಿ, ಎಕ್ಸ್‌ಚೇಂಜ್ ಶುಲ್ಕ. ಹತ್ತು ಸಾವಿರ ಬಂಡವಾಳದವರಿಗೆ ಇದು ದಿನಕ್ಕೆ ಸುಮಾರು ಐದು ಪರ್ಸೆಂಟ್. 2023-24ರಲ್ಲಿ ಒಬ್ಬೊಬ್ಬರು ಬರೀ ಇಂಥ ಖರ್ಚಿಗೇ ಸರಾಸರಿ 26,000 ರೂಪಾಯಿ ಕೊಟ್ಟಿದ್ದಾರೆ. ಇವತ್ತು ರಾತ್ರಿ ನಿಮ್ಮ ಕಾಂಟ್ರ್ಯಾಕ್ಟ್ ನೋಟ್ (ಬ್ರೋಕರ್ ಕಳಿಸುವ ದಿನದ ವ್ಯವಹಾರದ ಬಿಲ್ಲು) ತೆಗೆದು ಕೊನೆಯ ಸಾಲುಗಳನ್ನು ಕೂಡಿಸಿ ನೋಡಿ.

ಗೆಲ್ಲುವವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಸತತ ಎರಡು ವರ್ಷ ಸೋತವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಮೂರನೇ ವರ್ಷವೂ ಮುಂದುವರಿಸಿದ್ದಾರೆ. ಮಾಡುತ್ತಾ ಹೋದರೆ ಕಲಿಯುತ್ತೇವೆ ಅನ್ನುವ ಮಾತಿಗೆ ಈ ಅಂಕಿಗಳಲ್ಲಿ ನನಗೆ ಆಧಾರ ಕಂಡಿಲ್ಲ. ಸಾಲ ತಂದು ಮಾಡುತ್ತಿದ್ದರೆ ಇವತ್ತೇ ನಿಲ್ಲಿಸಿ.

ಸರ್ಕಾರ ಇದಕ್ಕೆ ಏನೂ ಮಾಡಿಲ್ವಾ?

2024ರ ನವೆಂಬರಿನಿಂದ ನಿಫ್ಟಿಯಂಥ ಸೂಚ್ಯಂಕದ ಹೊಸ ಕಾಂಟ್ರ್ಯಾಕ್ಟಿನ ಗಾತ್ರ ಕನಿಷ್ಠ 15 ಲಕ್ಷ ರೂಪಾಯಿ ಆಯಿತು. ಒಂದು ಎಕ್ಸ್‌ಚೇಂಜ್ ಒಂದೇ ಸೂಚ್ಯಂಕಕ್ಕೆ ವಾರದ ಎಕ್ಸ್‌ಪೈರಿ ಇಡಬೇಕು ಅಂತಲೂ ಆಯಿತು. ವೇಗದವರಿಗೂ ಕಡಿವಾಣ ಇದೆ: ವ್ಯವಹಾರ ಆಗದೆ ಸುಮ್ನೆ ಆರ್ಡರ್ ಹಾಕಿ ರದ್ದು ಮಾಡುವುದು ಮಿತಿ ಮೀರಿದರೆ ದಂಡ ಬೀಳುತ್ತದೆ.

ಜೇನ್ ಸ್ಟ್ರೀಟ್ ಪ್ರಕರಣ ಇದೇ ವೇಗದ ಆಟದ್ದಾ?

ಪೂರ್ತಿ ಅಲ್ಲ. ಅಮೆರಿಕದ ಈ ಸಂಸ್ಥೆಯ ಮೇಲೆ ಸೆಬಿ 2025ರ ಜುಲೈ 3ರಂದು ಮಧ್ಯಂತರ ಆದೇಶ ಹೊರಡಿಸಿತು. ಆರೋಪ ಹೀಗಿದೆ: ಎಕ್ಸ್‌ಪೈರಿ ದಿನ ಬೆಳಗ್ಗೆ ಬ್ಯಾಂಕ್ ನಿಫ್ಟಿಯ (ಬ್ಯಾಂಕ್ ಷೇರುಗಳ ಸೂಚ್ಯಂಕ) ಷೇರು, ಫ್ಯೂಚರ್ಸ್ ದೊಡ್ಡ ಪ್ರಮಾಣದಲ್ಲಿ ಕೊಂಡು ಸೂಚ್ಯಂಕ ಎತ್ತುವುದು, ಅದೇ ಹೊತ್ತಿಗೆ ಆಪ್ಷನ್ನಿನಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದಾಗಿ ಸೂಚ್ಯಂಕ ಬೀಳುತ್ತದೆ ಅನ್ನುವ ಕಡೆ ನಿಲ್ಲುವುದು, ಮಧ್ಯಾಹ್ನ ಕೊಂಡದ್ದನ್ನೆಲ್ಲ ಮಾರಿಬಿಡುವುದು. 4,843 ಕೋಟಿಗೂ ಹೆಚ್ಚು ಹಣವನ್ನು ಸೆಬಿ ಮುಟ್ಟುಗೋಲು ಹಾಕಿತು. ಸಂಸ್ಥೆ ಆರೋಪ ಒಪ್ಪದೆ ಎಸ್‌ಎಟಿಗೆ ಹೋಯಿತು.

ಈ ಆರೋಪದ ಮುಖ್ಯ ಅಂಶ ವೇಗಕ್ಕಿಂತ ಹಣದ ಗಾತ್ರ. ಬೆಳಗ್ಗೆ ಸೂಚ್ಯಂಕ ಏರಿತು ಅಂತ ಕಾಲ್ ಕೊಂಡ ಸಾಮಾನ್ಯ ಮನುಷ್ಯನಿಗೆ ಎದುರು ಯಾರಿದ್ದಾರೆ ಅಂತ ಗೊತ್ತಾಗುವ ದಾರಿಯೇ ಇಲ್ಲ.

ಯಂತ್ರಗಳಿಂದ ಮಾರುಕಟ್ಟೆ ಒಂದೇ ಏಟಿಗೆ ಕುಸಿಯಬಹುದಾ?

ಕುಸಿದಿದೆ. 2010ರ ಮೇ 6ರಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಕೆಲವೇ ನಿಮಿಷಗಳಲ್ಲಿ ಸಾವಿರ ಅಂಶದ ಹತ್ತಿರ ಬಿದ್ದು, ಹಾಗೆಯೇ ಹೆಚ್ಚಿನ ಮಟ್ಟಿಗೆ ಎದ್ದಿತು. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಅನ್ನುವ ಸಂಸ್ಥೆ ತನ್ನದೇ ಸಾಫ್ಟ್‌ವೇರ್ ತಪ್ಪಿನಿಂದ ಮುಕ್ಕಾಲು ಗಂಟೆಯಲ್ಲಿ 44 ಕೋಟಿ ಡಾಲರ್ ಕಳೆದುಕೊಂಡಿತು. ನಮ್ಮಲ್ಲಿ 2012ರ ಅಕ್ಟೋಬರ್ 5ರಂದು ನಿಫ್ಟಿ ಕ್ಷಣದಲ್ಲಿ 900 ಅಂಶದಷ್ಟು ಬಿತ್ತು. ಆದರೆ ಅದಕ್ಕೆ ಕಾರಣ ಯಂತ್ರ ಅಲ್ಲ, ಬ್ರೋಕರ್ ಕಚೇರಿಯಲ್ಲಿ ಮನುಷ್ಯರು ತಪ್ಪಾಗಿ ಹಾಕಿದ ಆರ್ಡರ್.

ಸೂಚ್ಯಂಕ 10, 15, 20% ಏರಿಳಿದರೆ ಇಡೀ ಮಾರುಕಟ್ಟೆಯನ್ನೇ ನಿಲ್ಲಿಸುವ ವ್ಯವಸ್ಥೆ ನಮ್ಮಲ್ಲಿದೆ. ಅಂಥ ದಿನ ನೀವು ಮಾಡಬೇಕಾದ್ದು ಒಂದೇ, ಗಾಬರಿಯಲ್ಲಿ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಆಗಲಿ ಅನ್ನುವ ಆರ್ಡರ್) ಒತ್ತದಿರುವುದು.

ಈ ಓಟ ನಿಲ್ಲಿಸಲು ದಾರಿ ಇಲ್ವಾ?

ಇದೆ, ಮತ್ತು ಆ ದಾರಿ ಕಲಬುರಗಿ ಗಂಜ್‌ಗೆ ತೊಗರಿ ತರುವ ರೈತರಿಗೆ ಚೆನ್ನಾಗಿ ಗೊತ್ತು. ಎಪಿಎಂಸಿಯ ಇ-ಟೆಂಡರಿನಲ್ಲಿ ಒಂದು ಲಾಟಿಗೆ ಇಂತಿಷ್ಟು ಹೊತ್ತಿನೊಳಗೆ ದರ ಹಾಕಬೇಕು. ಹೊತ್ತು ಮುಗಿದ ಮೇಲೆ ಯಾರ ದರ ಜಾಸ್ತಿಯೋ ಅವರಿಗೆ ಮಾಲು. ಹತ್ತು ನಿಮಿಷ ಮೊದಲು ಹಾಕಿದವರಿಗೂ ಕೊನೆಯಲ್ಲಿ ಹಾಕಿದವರಿಗೂ ವ್ಯತ್ಯಾಸ ಇಲ್ಲ. ಅಲ್ಲಿ ಪೈಪೋಟಿ ದರದ್ದು.

ಷೇರುಪೇಟೆಯನ್ನೂ ಹೀಗೆ ಚಿಕ್ಕ ಚಿಕ್ಕ ಸರದಿಗಳಾಗಿ ನಡೆಸಿ ಅಂತ ಅರ್ಥಶಾಸ್ತ್ರಜ್ಞ ಎರಿಕ್ ಬುಡಿಶ್ ಮತ್ತು ಅವರ ಸಂಗಡಿಗರು 2015ರಲ್ಲೇ ವಾದಿಸಿದರು. ಅಮೆರಿಕದ ಐಇಎಕ್ಸ್ ಅನ್ನುವ ಎಕ್ಸ್‌ಚೇಂಜ್ ಇನ್ನೊಂದು ದಾರಿ ಹಿಡಿಯಿತು: ಮೈಲಿಗಟ್ಟಲೆ ಕೇಬಲನ್ನು ಸುರುಳಿ ಸುತ್ತಿಟ್ಟು, ಎಲ್ಲರ ಆರ್ಡರನ್ನೂ 350 ಮೈಕ್ರೋಸೆಕೆಂಡ್ ತಡ ಮಾಡುತ್ತದೆ.

ನಮ್ಮಲ್ಲೂ ಇದರ ತುಣುಕು ಇದೆ. ಬೆಳಗ್ಗೆ 9 ಗಂಟೆಯ ಪ್ರಿ-ಓಪನ್. ಆರ್ಡರುಗಳನ್ನು ಸುಮಾರು 9:08ರವರೆಗೆ ಕೂಡಿಹಾಕಿ, ಅತಿ ಹೆಚ್ಚು ಷೇರು ಕೈ ಬದಲಾಗುವ ಒಂದೇ ಬೆಲೆಗೆ ಎಲ್ಲರ ವ್ಯವಹಾರ ಮುಗಿಸುತ್ತಾರೆ. ಕೊನೆಯ ನಿಮಿಷದಲ್ಲಿ ಯಾವ ಕ್ಷಣಕ್ಕೆ ಮುಚ್ಚುತ್ತಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಕೊನೇ ಕ್ಷಣದ ಓಟಕ್ಕೂ ಜಾಗ ಇಲ್ಲ. ಹೆಚ್ಚು ವಹಿವಾಟು ಇರುವ ಷೇರನ್ನು ಡೆಲಿವರಿಗೆ ಕೊಳ್ಳುವವರು ಆಗ ಲಿಮಿಟ್ ಆರ್ಡರ್ (ಇಷ್ಟೇ ಬೆಲೆಗೆ ಅಂತ ಮಿತಿ ಹಾಕಿದ ಆರ್ಡರ್) ಹಾಕಬಹುದು. ದಿನವಿಡೀ ಹೀಗೇ ನಡೆಯಲಿ ಅನ್ನುವುದು ನನ್ನ ಆಸೆ. ವ್ಯಾಪಾರಕ್ಕೆ ಅದರಿಂದ ಯಾವ ಕೊರತೆಯೂ ಆಗದು ಅನಿಸುತ್ತದೆ.

ತೊಗರಿ ಬೆಲೆಯಲ್ಲೂ ಈ ಯಂತ್ರಗಳು ಆಡುತ್ತವಾ?

ಇಲ್ಲ. ತೊಗರಿಯ ಫ್ಯೂಚರ್ಸ್ ವ್ಯಾಪಾರವನ್ನು 2007ರ ಜನವರಿಯಲ್ಲೇ ನಿಲ್ಲಿಸಿದ್ದಾರೆ. ತೊಗರಿ ದರ ಬೀಳುವುದಕ್ಕೆ ಮಳೆ, ಇಳುವರಿ, ಮ್ಯಾನ್ಮಾರ್ ಮತ್ತು ಆಫ್ರಿಕಾದಿಂದ ಬರುವ ಆಮದು ಕಾರಣ.

ಲಿಮಿಟ್ ಆರ್ಡರ್ ಹಾಕಬಹುದು ಅಂದಿರಲ್ಲ, ಏನು ಲಾಭ?

ವಹಿವಾಟು ಕಡಿಮೆ ಇರುವ ಒಂದು ಷೇರು ತೆಗೆದುಕೊಳ್ಳಿ. ಪರದೆ ಮೇಲೆ 182.45 ಕಾಣುತ್ತದೆ. ನಿಮಗೆ 500 ಬೇಕು. ಆದರೆ ಆ ಬೆಲೆಗೆ ಇರುವುದು 60 ಷೇರು, ಮುಂದಿನ 140 ಷೇರು 183.10ಕ್ಕೆ, ಉಳಿದ 300 ಷೇರು 184.90ಕ್ಕೆ. ಮಾರ್ಕೆಟ್ ಆರ್ಡರ್ ಒತ್ತಿದರೆ ಮೂರನ್ನೂ ಬಾಚಿಕೊಂಡು ಬರುತ್ತದೆ, ಒಟ್ಟು 92,051 ರೂಪಾಯಿ. ಎಲ್ಲವೂ 182.45ಕ್ಕೆ ಸಿಕ್ಕಿದ್ದರೆ 91,225. ವ್ಯತ್ಯಾಸ 826 ರೂಪಾಯಿ. ಇದರಲ್ಲಿ ಎಚ್‌ಎಫ್‌ಟಿಯ ಕೈವಾಡ ಏನೂ ಬೇಕಾಗಿಲ್ಲ. ಲಿಮಿಟ್ ಆರ್ಡರ್ ಹಾಕಿದರೆ ಅಷ್ಟೂ ಷೇರು ಇವತ್ತೇ ಸಿಗದೆ ಇರಬಹುದು, ಆದರೆ ನೀವು ಹೇಳಿದ ಬೆಲೆಗಿಂತ ಜಾಸ್ತಿ ಕೊಡಬೇಕಾಗಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಆಲ್ಗೊ ಮಾರುತ್ತಿದ್ದಾರೆ, ತಿಂಗಳಿಗೆ ಹತ್ತು ಪರ್ಸೆಂಟ್ ಗ್ಯಾರಂಟಿ ಅನ್ನುತ್ತಾರೆ. ತೆಗೆದುಕೊಳ್ಳಲಾ?

ಬೇಡ. ಗ್ಯಾರಂಟಿ ಅನ್ನುವ ಪದ ಬಂದ ಕೂಡಲೇ ನಂಬರ್ ಬ್ಲಾಕ್ ಮಾಡಿ. ಇಷ್ಟು ಲಾಭ ಬಂದಿದೆ, ಇಷ್ಟು ಬರುತ್ತದೆ ಅಂತ ಹೇಳಿ ಆಲ್ಗೊ ಮಾರುವವರ ಜೊತೆ ಬ್ರೋಕರ್‌ಗಳು ಕೈಜೋಡಿಸಬಾರದು ಅಂತ ಸೆಬಿ 2022ರ ಸೆಪ್ಟೆಂಬರಿನಲ್ಲೇ ಹೇಳಿದೆ. 2025ರ ಫೆಬ್ರುವರಿ 4ರ ಸುತ್ತೋಲೆಯ ಪ್ರಕಾರ ಸಾಮಾನ್ಯರಿಗೆ ಕೊಡುವ ಆಲ್ಗೊ ಎಕ್ಸ್‌ಚೇಂಜಿನಲ್ಲಿ ನೋಂದಣಿ ಆಗಿರಬೇಕು, ಬ್ರೋಕರ್ ಮೂಲಕವೇ ಬರಬೇಕು. ಒಳಗೆ ಏನಿದೆ ಅಂತ ತೋರಿಸದ ಆಲ್ಗೊ ಕೊಡುವವರು ರಿಸರ್ಚ್ ಅನಲಿಸ್ಟ್ ಆಗಿ ಸೆಬಿಯಲ್ಲಿ ನೋಂದಾಯಿಸಿರಬೇಕು. ಇನ್ನೊಂದು ಮಾತು: ನಿಮ್ಮ ಫೋನಿನ ಆಲ್ಗೊ ಎಚ್‌ಎಫ್‌ಟಿ ಅಲ್ಲ. ಅದೂ ಬ್ರೋಕರ್ ಸರ್ವರ್ ಸುತ್ತಿಕೊಂಡೇ ಹೋಗುತ್ತದೆ.

ಎಂಜಿನಿಯರಿಂಗ್ ಓದುತ್ತಿದ್ದೇನೆ. ಈ ಕ್ಷೇತ್ರದಲ್ಲಿ ಕೆಲಸ ಸಿಗುತ್ತದಾ?

ಯಾಕೆ ಸಿಗಬಾರದು? ಸಿ++, ಕಂಪ್ಯೂಟರ್ ನೆಟ್‌ವರ್ಕ್, ಲಿನಕ್ಸ್, ಸಂಭವನೀಯತೆಯ ಗಣಿತ ಗಟ್ಟಿ ಮಾಡಿಕೊಳ್ಳಿ. ಎಲೆಕ್ಟ್ರಾನಿಕ್ಸ್‌ನವರು ಎಫ್‌ಪಿಜಿಎ ಕಲಿಯಿರಿ, ವೇಗದ ಸಂಸ್ಥೆಗಳು ಆ ಚಿಪ್ಪುಗಳಲ್ಲೇ ಆರ್ಡರ್ ತಯಾರಿಸುತ್ತವೆ. ಇಂಟರ್ವ್ಯೂ ಕಷ್ಟ ಇರುತ್ತದೆ, ಆದರೆ ಅಲ್ಲಿ ಕೇಳುವುದು ಲೆಕ್ಕ ಮತ್ತು ಕೋಡ್. ಆಪ್ಷನ್ನಿನಲ್ಲಿ ಎಷ್ಟು ದುಡ್ಡು ಮಾಡಿದ್ದೀರಿ ಅಂತ ಅಲ್ಲ.

ಮೋಸ ಆಗಿದೆ ಅನಿಸಿದರೆ ಎಲ್ಲಿ ದೂರು ಕೊಡಬೇಕು?

ಮೊದಲು ಬ್ರೋಕರಿಗೆ ಲಿಖಿತವಾಗಿ, ಇಮೇಲ್ ಆದರೆ ಒಳ್ಳೆಯದು. ಉತ್ತರ ಸರಿ ಇಲ್ಲದಿದ್ದರೆ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ ದೂರು ಹಾಕಿ, ಅಲ್ಲಿ 21 ದಿನದೊಳಗೆ ಉತ್ತರ ಬರಬೇಕು. ಅಲ್ಲೂ ಬಗೆಹರಿಯದಿದ್ದರೆ ಸ್ಮಾರ್ಟ್ ಒಡಿಆರ್‌ನಲ್ಲಿ ಆನ್‌ಲೈನ್ ಮಧ್ಯಸ್ಥಿಕೆ ಕೇಳಬಹುದು. ಸೆಬಿಯ ಉಚಿತ ಸಹಾಯವಾಣಿ 1800 22 7575. ನಕಲಿ ಆ್ಯಪ್ ಅಥವಾ ವಾಟ್ಸ್ಆ್ಯಪ್ ಗುಂಪಿಗೆ ದುಡ್ಡು ಕಳಿಸಿಬಿಟ್ಟಿದ್ದರೆ ದಾರಿ ಬೇರೆ: ಒಂದು ನಿಮಿಷವೂ ಕಾಯದೆ 1930ಕ್ಕೆ ಕರೆ ಮಾಡಿ, ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲು ಆಗಬಹುದು. ಕಾಂಟ್ರ್ಯಾಕ್ಟ್ ನೋಟ್, ಬ್ಯಾಂಕ್ ಸಂದೇಶ, ಚಾಟ್‌ಗಳ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ.